ಐದನೆಯ ಸಲದ ಪೇಡೆ

ನನ್ನ ಮೊಮ್ಮಗಳು ಬಾಗಲಕೋಟೆಯಲ್ಲಿ ಉಳ್ಳಾಗಡ್ಡಿ ಏಕೆ ಕೊಳೆಯುತ್ತದೆ ಎಂದು ಸಂಶೋಧನೆ ಮಾಡುತ್ತಾಳೆ. ಕೆಲಸ ಒಂದೇ ವರ್ಷದ್ದು. ಪ್ರತಿವರ್ಷ ಹೊಸ ಆದೇಶ ಬರಬೇಕು. ನಾನು ಹೆಚ್ಚು ಓದಿದವಳಲ್ಲ. ಆದೇಶ ಬಂದಾಗಲೆಲ್ಲ ಹೊಸ ನೌಕರಿ ಸಿಕ್ಕಿತೆಂದು ಇಳಕಲ್ಲಿನ ನಮ್ಮ ಓಣಿಗೆಲ್ಲ ಪೇಡೆ ಹಂಚಿದೆ. ನಾಲ್ಕನೆಯ ಸಲ ಪಕ್ಕದ ಮನೆಯ ನೇಕಾರ ಕೇಳಿದ, "ಆಯಿ, ನಿಮ್ಮ ಮೊಮ್ಮಗಳು ಯಾವ ನೌಕರ್ಯಾಗೂ ವರ್ಷದ ಮ್ಯಾಲೆ ನಿಲ್ಲಂಗಿಲ್ಲೇನ್ರಿ?"

ಈ ಸಲವೂ ಒಂದೇ ವರ್ಷಕ್ಕೆ ಕೊಟ್ಟರೆ ಸಂಶೋಧನೆ ಬಿಟ್ಟು ಹುನಗುಂದದಲ್ಲಿ ಗುಮಾಸ್ತೆಯಾಗುತ್ತೇನೆ ಎಂದಿದ್ದಳು ಮೊಮ್ಮಗಳು. ನಿನ್ನೆ ಫೋನ್ ಮಾಡಿದಳು. "ಆಯಿ, ಕಾಯಂ ಆತು. ಇನ್ನ ವರ್ಷಾ ವರ್ಷಾ ಪೇಡೆ ಹಂಚಬ್ಯಾಡ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮನೆಗೆ ಎರಡೆರಡು ಪೇಡೆ ಕೊಟ್ಟೆ. ನೇಕಾರ ಬಾಯಿಗೆ ಹಾಕಿಕೊಳ್ಳುವ ಮೊದಲು ಕೇಳಿದ, "ಈಗ ಎಲ್ಲಿ ಸೇರ್ಯಾಳ್ರಿ?"

"ಅಲ್ಲೇ," ಎಂದೆ.