ಗಾಳಿಕೊಳವೆಗೆ ಹಾಕಿದ ಡಬ್ಬ

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ ನಾವು ಮಡಿಕೇರಿಯ ಇಳಿಜಾರಿನ ಮನೆಯೊಂದರಲ್ಲಿದ್ದೆವು. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು. ಮೆಟ್ಟಿಲಿಳಿದರೆ ನೆಲದಡಿಯಲ್ಲಿ ಇನ್ನೊಂದು ಕೋಣೆ. ಮೇಲಿನ ಶೀತಗಾಳಿ ಅಲ್ಲಿಗೆ ತಟ್ಟುವುದಿಲ್ಲವೆಂದು ಶಿರಂಗಾಲದಿಂದ ಬಂದ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಆ ಕೋಣೆಯನ್ನೇ ಕೊಟ್ಟಿದ್ದರು.

ಅಜ್ಜಿಯ ಮಂಡಿ ಕೈಕೊಟ್ಟ ಮೇಲೆ ಅಂಗಳದ ಕಕ್ಕಸಿಗೆ ಹತ್ತಿ ಹೋಗಲು ಆಗಲಿಲ್ಲ. ಅಪ್ಪ ಅವಳ ಕೋಣೆಗೇ ಅಂಟಿಸಿ ಬಚ್ಚಲು, ಕಕ್ಕಸು ಕಟ್ಟಿಸಿದ. ಆದರೆ ಕೊಳಕು ನೀರನ್ನು ಕೆಳಕ್ಕೆ ಬಿಡುವಂತಿರಲಿಲ್ಲ, ಕೆಳಗೆ ನಾಲ್ಕಾರು ಮನೆಯವರು ಕುಡಿಯುವ ನೀರಿನ ಬಾವಿ. ಹಾಗಾಗಿ ಪಕ್ಕದಲ್ಲೇ ಗುಂಡಿ ತೋಡಿಸಿ, ಚಪ್ಪಡಿ ಮುಚ್ಚಿಸಿ, ಅದು ತುಂಬಿದಾಗ ಕೈಪಂಪಿನಿಂದ ರಸ್ತೆಬದಿಯ ದೊಡ್ಡ ಗುಂಡಿಗೆ ಎತ್ತುವ ಏರ್ಪಾಡು ಮಾಡಿದ. ಕೆಟ್ಟ ಗಾಳಿ ಹೋಗಲೆಂದು ಗುಂಡಿಯಿಂದ ಹೆಂಚಿನ ಮೇಲಿನವರೆಗೆ ಒಂದು ಕೊಳವೆಯನ್ನೂ ನಿಲ್ಲಿಸಿದ್ದ.

ಮಳೆ ಹಿಡಿಯುವ ಮೊದಲು ನಮ್ಮಲ್ಲಿ ಎಲ್ಲವನ್ನೂ ಮುಚ್ಚುತ್ತಾರೆ. ಸೌದೆಗೆ ಸೋಗೆ, ಗಾಳಿ ಬೀಸುವ ಗೋಡೆಗೆ ತಟ್ಟಿ, ಕೋಳಿಗೂಡಿಗೆ ಗೋಣಿ. ಬಯಲುಸೀಮೆಯ ಅಂಚಿನ ಶಿರಂಗಾಲದಿಂದ ಬಂದ ಅಪ್ಪನಿಗೆ ಮಡಿಕೇರಿಯ ಮಳೆಯೆಂದರೆ ಇನ್ನೂ ಪುಕ್ಕಲು, ಎಲ್ಲರಿಗಿಂತ ಹೆಚ್ಚೇ ಮುಚ್ಚುತ್ತಿದ್ದ. ಆ ವರ್ಷ ಏಣಿ ಹತ್ತಿ ಕೊಳವೆಯ ಬಾಯಿಗೂ ತಗಡಿನ ಡಬ್ಬವೊಂದನ್ನು ಕವುಚಿ, ಸುತ್ತ ಡಾಂಬರು ಮೆತ್ತಿಬಿಟ್ಟ. ಮಳೆನೀರು ಗುಂಡಿಗಿಳಿದರೆ ಪಂಪು ಹೊಡೆಯಬೇಕಾದವನು ಅವನೇ ತಾನೆ!

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮಳೆ ಶುರುವಾದ ಮೇಲೆ ಅಜ್ಜಿಯ ಕೋಣೆ ನಾರತೊಡಗಿತು. ನಾವು ಯಾರೂ ಬಾಯಿಬಿಡಲಿಲ್ಲ. ಹಿರಿಯರ ಮುಂದೆ ಮೂಗು ಮುಚ್ಚಬಾರದಲ್ಲ! ಅವ್ವ ಬೆಳಿಗ್ಗೆ ಸಂಜೆ ಸಾಂಬ್ರಾಣಿ ಹಾಕಿದಳು. ಅಪ್ಪ ಬಾಗಿಲಲ್ಲೇ ನಿಂತು ಕ್ಷೇಮ ಕೇಳಿ ಹೋಗುತ್ತಿದ್ದ. ಆ ನಮ್ಮ ಮರ್ಯಾದೆಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಜ್ಜಿ ಮೊದಲು ಕಾಫಿ ಬಿಟ್ಟಳು. ಆಮೇಲೆ ರಾತ್ರಿಯ ಊಟ ಬಿಟ್ಟಳು. ಒಂದು ದಿನ ಅಪ್ಪನನ್ನು ಕರೆದು, "ನನ್ನ ಶಿರಂಗಾಲಕ್ಕೆ ಬಿಟ್ಬುಡು ಮಗ," ಅಂದಳು. ಅಪ್ಪ ಕಾರಣ ಕೇಳಿದರೆ ಗೋಡೆ ಕಡೆ ತಿರುಗಿ ಮಲಗಿದಳು.

ಅವ್ವ ಪಕ್ಕದಲ್ಲಿ ಕೂತು ಕೇಳಿದಳು. ಅಜ್ಜಿ ಹೇಳಿದಳು: "ನನ್ನ ಮೈಯೇ ಒಳಗಿಂದ ಕೊಳೀತಾ ಐತೆ ಕಣವ್ವ. ನೀವು ದೊಡ್ಡ ಮನ್ಸು ಮಾಡಿ ಸುಮ್ಕಿದ್ದೀರಿ. ಉಂಡ್ರೆ, ಕುಡುದ್ರೆ ಇನ್ನೂ ಜಾಸ್ತಿ ಆಯ್ತದೆ."

ಅವ್ವ ಎದ್ದು ಕಕ್ಕಸಿಗೆ ಹೋಗಿ ಒಂದು ಬಕೆಟ್ ನೀರು ಸುರಿದಳು. ವಾಸನೆ ತಡೆಯಲೆಂದು ಅದರ ಬಾಯಲ್ಲಿ ಸದಾ ನಿಂತಿರುವ ನೀರು ಗುಳುಗುಳು ಎಂದು ಗುಳ್ಳೆ ಬಿಟ್ಟಿತು. ಗುಳ್ಳೆಯ ಹಿಂದೆಯೇ ವಾಸನೆ ಬಂತು. ಅವಳು ಮೇಲೆ ಬಂದವಳೇ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು.

"ಸೀಮೆಎಣ್ಣೆ ಡಬ್ಬಕ್ಕೆ ಎರಡು ತೂತ ಯಾಕೆ ಹೊಡೀತೀರಿ?"

"ಒಂದ್ರಲ್ಲಿ ಎಣ್ಣೆ ಬರಕ್ಕೆ, ಒಂದ್ರಲ್ಲಿ ಗಾಳಿ ಆಡಕ್ಕೆ."

"ಮತ್ತೆ ಆ ಗುಂಡಿಗೆ ಗಾಳಿ ಆಡೋ ತೂತಿಗೆ ಟೊಪ್ಪಿ ಹಾಕಿದ್ದೀರಲ್ಲ! ನೀರು ಒಳಕ್ಕೆ ಹೋದ್ರೆ ಅಲ್ಲಿರೋ ಗಾಳಿ ಅತ್ತೆ ಕೋಣೆಗಲ್ದೆ ಎಲ್ಲಿಗೆ ಹೋಗ್ಬೇಕು?"

ಅಪ್ಪ ಸುರಿಯುವ ಮಳೆಯಲ್ಲೇ ಏಣಿ ಹತ್ತಿದ. ಡಾಂಬರು ಕೆರೆದು ಡಬ್ಬ ಕಿತ್ತು, ಅದನ್ನೇ ಮೂರು ಕಂಬಿಗಳ ಮೇಲೆ ಗೇಣು ಎತ್ತರಕ್ಕೆ ಛತ್ರಿಯಂತೆ ನಿಲ್ಲಿಸಿದ. ಒದ್ದೆಯಾಗಿ ಇಳಿದವನು ನೇರ ಅಜ್ಜಿಯ ಕೋಣೆಗೆ ಹೋದ. ಬಹಳ ದಿನಗಳ ನಂತರ ಅವಳ ಮಂಚದ ಮೇಲೆ ಕೂತ.

ವಾಸನೆ ಹೋಗಲು ಎರಡು ಮೂರು ದಿನ ಹಿಡಿಯಿತು. ಅವ್ವ ಸಾಂಬ್ರಾಣಿ ಹಾಕುವುದನ್ನು ಬೇಕೆಂದೇ ನಿಲ್ಲಿಸಿದ್ದಳು. ಅಜ್ಜಿ ತನ್ನ ಸೆರಗನ್ನು ಮೂಸಿ ನೋಡಿದಳು, ಕೈಯನ್ನು ಮೂಸಿದಳು, ದಿಂಬನ್ನು ಮೂಸಿದಳು. ಆಮೇಲೆ ಮಗುವಿನಂತೆ ಅವ್ವನನ್ನು ಕೇಳಿದಳು:

"ಹಂಗಾರೆ, ಅದು ನಾನಲ್ವಾ?"

"ಅಲ್ಲ ಅತ್ತೆ. ನಿಮ್ಮ ಮಗ ಹಾಕಿದ್ದ ಡಬ್ಬ."

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿಸಿ, ದೊಡ್ಡ ಲೋಟದಲ್ಲಿ ಕಾಫಿ ಕೇಳಿದಳು.