ವಾಜಿದ್ ಭಾಯ್ ಮನೆಯ ಸರ್ವರ್

ವಾಜಿದ್‌ಗೆ ಒಂದು ಹಳೇ ಕಾಯಿಲೆ. ತನ್ನ ಅಂಗಡಿಯ ಕುರ್ಚಿಯಲ್ಲಿ ಒಮ್ಮೆ ಕೂತು ಎದ್ದವರೆಲ್ಲ ಜೀವಮಾನಪೂರ್ತಿ ತನ್ನವರು ಎಂದುಕೊಂಡುಬಿಡುತ್ತಾನೆ. ಆರ್.ಟಿ. ನಗರದಲ್ಲಿ ಗೇಮಿಂಗ್ ಸೆಂಟರ್ ಇಟ್ಟಿದ್ದ ಕಾಲದಲ್ಲಿ ಈ ಕಾಯಿಲೆಯಿಂದ ಯಾರಿಗೂ ತೊಂದರೆ ಇರಲಿಲ್ಲ. ಗೋಡೆಗೆ ಸಾಲಾಗಿ ಕಂಪ್ಯೂಟರುಗಳು, ಅವುಗಳ ಮುಂದೆ ಶಾಲೆಗೆ ಚಕ್ಕರ್ ಹೊಡೆದು ಬಂದ ಹುಡುಗರು. ಯಾರದಾದರೂ ಅಪ್ಪ ಹುಡುಕಿಕೊಂಡು ಬಂದರೆ ವಾಜಿದ್ ಬಾಗಿಲಿಗೆ ಅಡ್ಡ ನಿಂತು, "ಇಲ್ಲಿಗೆ ಬಂದೇ ಇಲ್ಲ ಸಾರ್" ಎಂದು ಅಲ್ಲಾಹನ ಮೇಲೆ ಭಾರ ಹಾಕಿ ಸುಳ್ಳು ಹೇಳುತ್ತಿದ್ದ.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಸೆಂಟರು ಮುಚ್ಚಿತು. ಈಗ ಅದೇ ಜಾಗದಲ್ಲಿ ಜೆರಾಕ್ಸು, ಆಧಾರ್ ಪ್ರಿಂಟು, ಮೊಬೈಲ್ ಕವರು. ಗಿರಾಕಿಗಳಿಗೇನೂ ಕೊರತೆಯಿಲ್ಲ, ಆದರೆ ಯಾರೂ ಕೂರುವುದಿಲ್ಲ. ನಿಂತೇ ಕೆಲಸ ಮುಗಿಸಿಕೊಂಡು ಹೊರಟುಬಿಡುತ್ತಾರೆ. ವಾಜಿದ್‌ಗೆ ಐವತ್ತರ ಹತ್ತಿರ ವಯಸ್ಸು, ಸಕ್ಕರೆ ಕಾಯಿಲೆ, ಮಾತಾಡುವ ಚಪಲ. ಇಂಥವನನ್ನು ದಿನವಿಡೀ ಜೆರಾಕ್ಸ್ ಮಿಷಿನ್ನಿನ ಜೊತೆ ಬಿಟ್ಟರೆ ಏನಾಗಬೇಡ?

ಹಳೇ ಹುಡುಗರಲ್ಲಿ ಒಬ್ಬನಾದ ಮುದಸ್ಸಿರ್ ಈಗ ಎ.ಸಿ. ರಿಪೇರಿ ಮಾಡುತ್ತಾನೆ. ಅವನ ತಂಗಿಯ ಮದುವೆಯಲ್ಲಿ ಹಳೇ ಗ್ಯಾಂಗು ಒಟ್ಟಾಗಿ ಸಿಕ್ಕಿತು. ಯಶವಂತಪುರದ ಲಾರಿ ಬುಕಿಂಗ್ ಆಫೀಸಿನ ಫೈಜಾನ್ ಬಂದಿದ್ದ. ಕೊಡಿಗೇಹಳ್ಳಿಯಲ್ಲಿ ತಾತನ ಜಮೀನಿನಲ್ಲಿ ಪಿ.ಜಿ. ಕಟ್ಟಿಸಿಕೊಂಡು ಹೊಟ್ಟೆ ಬೆಳೆಸಿರುವ ಅನಂತರಾಜುವೂ ಬಂದಿದ್ದ. ಬಿರಿಯಾನಿ ಮುಗಿಸಿ ಕೈ ತೊಳೆಯುತ್ತ ಅನಂತರಾಜು, "ಆ ದಿನಗಳು ಮತ್ತೆ ಬರಲ್ಲ ಬಿಡಿ ಭಾಯ್" ಅಂದ. ಹೊಟ್ಟೆ ತುಂಬಿದವರು ಇಂಥ ಮಾತು ಆಡುವುದು ಸಹಜ. ವಾಜಿದ್ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡ.

ಮಾರನೇ ವಾರವೇ ಎಸ್.ಪಿ. ರೋಡಿಗೆ ಹೋಗಿ, ಯಾವುದೋ ಆಫೀಸು ಕೈಬಿಟ್ಟ ಹಳೇ ಕಂಪ್ಯೂಟರೊಂದನ್ನು ಚೌಕಾಸಿ ಮಾಡಿ ತಂದ. ಅದಕ್ಕೊಂದು ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕು. ಪುಕ್ಕಟೆ ಸಿಗುವ ಸಾಫ್ಟ್‌ವೇರನ್ನು ಡಿಗ್ರಿ ಓದುವ ಮಗಳು ಜೋಯಾ ಪಕ್ಕದಲ್ಲಿ ಕೂತು ಹಾಕಿಕೊಟ್ಟಳು. ಮನೆಯ ಹಾಲ್‌ನ ಶೋಕೇಸಿನಲ್ಲಿ ಅದಕ್ಕೆ ಜಾಗವಾಯಿತು. ಹೆಂಡತಿ ಜಹೀರಾ ಮೂಗು ಮುರಿದಳು.

"ಅಜೀ, ಇದು ಹಗಲೂ ರಾತ್ರಿ ಹೀಗೇ ಗುಂಯ್‌ಗುಡುತ್ತಾ?"

"ಸರ್ವರ್ ಅಂದ್ರೆ ಹಂಗೇ. ಯಾವಾಗ್ಲೂ ಆನ್ ಇರ್ಬೇಕು. ಯಾರು ಯಾವಾಗ ಬರ್ತಾರೋ ಏನೋ."

ಬಂದರು. ಎಲ್ಲರ ಮದುವೆ ವಿಡಿಯೋ, ಹಳೇ ಕ್ರಿಕೆಟ್ ಮ್ಯಾಚು, ಸಿನಿಮಾ ಎಲ್ಲ ಆ ಡಬ್ಬಿಯೊಳಗೆ ಸೇರಿತು. ಇಂಟರ್ನೆಟ್ಟಿನ ಮೂಲಕ ಅವರವರ ಮನೆಯ ಟಿವಿಯಲ್ಲೇ ನೋಡಬಹುದಿತ್ತು. ರಾತ್ರಿ ಇಶಾ ನಮಾಜ್ ಆದ ಮೇಲೆ ಆಟ. ಮಣ್ಣು ಅಗೆದು, ಕಲ್ಲು ಒಡೆದು, ಊರು ಕಟ್ಟುವ ಆಟ ಅದು. ಒಬ್ಬೊಬ್ಬರು ತಮ್ಮ ಮನೆಯಿಂದ ವಾಜಿದ್‌ನ ಸರ್ವರಿಗೆ ಬಂದು ಸೇರಿಕೊಳ್ಳುತ್ತಿದ್ದರು. ಜೋಯಾಳೂ ತನ್ನ ರೂಮಿನಿಂದ ಸೇರುತ್ತಿದ್ದಳು. ನೋಡನೋಡುತ್ತ ಒಂದು ಕೋಟೆ ಎದ್ದಿತು, ಅದರ ಮುಂದೆ ಕೆರೆ, ಕೆರೆಯ ಮೇಲೆ ಹೆಬ್ಬಾಳದ್ದಕ್ಕಿಂತ ಗೋಜಲಾದ ಒಂದು ಫ್ಲೈಓವರು.

ವಾಜಿದ್ ಆಡುತ್ತಿದ್ದದ್ದು ಕಡಿಮೆ. ಅವನದು ಯಜಮಾನಿಕೆ. ಐದು ಜನ ಒಟ್ಟಿಗೆ ಬಂದರೆ ಮಿಷಿನ್ನು ಒದ್ದಾಡುತ್ತಿತ್ತು, ಆಟ ನಿಂತು ನಿಂತು ಓಡುತ್ತಿತ್ತು. ಅದಕ್ಕೇ ನೂರೆಂಟು ಕಟ್ಟಳೆ. ಮಾತು ಬೇಡ, ಟೈಪ್ ಮಾಡಿ. ಕೆಟ್ಟ ಮಾತು ಬೇಡವೇ ಬೇಡ. ಯಾರೂ ಡೈನಮೈಟ್ ಹಚ್ಚಬೇಡ್ರಪ್ಪಾ, ಹ್ಯಾಂಗ್ ಆಗುತ್ತೆ! ಬೈದರೂ ಪ್ರೀತಿಯಿಂದಲೇ ಬೈಯುತ್ತಿದ್ದ. ಹಾಗಂತ ಅವನು ತಿಳಿದಿದ್ದ.

ರಂಜಾನ್‌ನಲ್ಲಿ ತನ್ನ ಹೊಸ ಬಟ್ಟೆಯನ್ನು ಕೈಬಿಟ್ಟು ಸರ್ವರಿಗೆ ಹೆಚ್ಚಿನ ಮೆಮೊರಿ ಹಾಕಿಸಿದ. ಮುದಸ್ಸಿರ್ ಅವತ್ತೇ ಹೊಗಳಿದ: "ರಾಕೆಟ್ ಆಗ್ಬಿಟ್ಟಿದೆ ಭಾಯ್!" ಆ ಒಂದು ಮಾತಿಗೆ ವಾಜಿದ್‌ನ ಹಬ್ಬವೇ ಆಗಿಹೋಯಿತು. ದಿನಾ ಬರುವವರ ಸಂಖ್ಯೆ ಮಾತ್ರ ಇಳಿಯುತ್ತ ಬಂತು. ಕೊನೆಗೆ ದಿನಕ್ಕೆ ಒಬ್ಬರೇ. ಸಂಸಾರಸ್ಥರು, ಬಿಡುವಿಲ್ಲ ಪಾಪ ಎಂದುಕೊಂಡ. ಒಬ್ಬರಾದರೂ ತಪ್ಪದೆ ಬರುತ್ತಾರಲ್ಲ ಎಂಬ ಸಮಾಧಾನವಿತ್ತು.

ಬಕ್ರೀದ್ ಕಳೆದ ಮೇಲೆ ಜಹೀರಾಳ ಅಕ್ಕನ ಮನೆಯ ಗೃಹಪ್ರವೇಶಕ್ಕೆಂದು ಮೂವರೂ ಅಬ್ಬಿಗೆರೆಗೆ ಹೋದರು. ಭಾನುವಾರ ರಾತ್ರಿ ವಾಪಸ್ಸು ಬಂದು ನೋಡಿದರೆ ಸರ್ವರ್ ಸತ್ತು ಬಿದ್ದಿದೆ. ಬೆಳಿಗ್ಗೆಯೇ ಕರೆಂಟು ಹೋಗಿತ್ತು ಎಂದು ಪಕ್ಕದ ಮನೆಯವರು ಹೇಳಿದರು. ಯು.ಪಿ.ಎಸ್. ಬ್ಯಾಟರಿಯೂ ಬರಿದಾಗಿತ್ತು. ಕರೆಂಟು ಬಂದು ವಾಜಿದ್ ಅದನ್ನು ಮತ್ತೆ ಆನ್ ಮಾಡುವಷ್ಟರಲ್ಲಿ ಮಾರನೇ ಬೆಳಗಾಗಿತ್ತು. ಭಾನುವಾರವೇ ಹೀಗಾಗಬೇಕೆ, ಹುಡುಗರು ಎಷ್ಟು ಕಾದರೋ!

ಸೋಮವಾರ ಮುದಸ್ಸಿರ್ ಅಂಗಡಿಗೆ ಬಂದ. ವಾಜಿದ್ ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರುಮಾಡಿದ.

"ಏನ್ ಭಾಯ್, ನಿನ್ನೆ ಸೂಪರ್ ಓಡ್ತು ನಿಮ್ ಸರ್ವರು! ಒಂದ್ಸಲಾನೂ ಹ್ಯಾಂಗ್ ಆಗ್ಲಿಲ್ಲ."

ವಾಜಿದ್ ಅವನ ಮುಖವನ್ನೇ ನೋಡಿದ. ಸುಳ್ಳು ಹೇಳುವವನ ಮುಖವಲ್ಲ, ಅಭ್ಯಾಸವಾಗಿಹೋದ ಮಾತನ್ನು ಹೇಳುವವನ ಮುಖ. "ಹೌದಾ" ಎಂದಷ್ಟೇ ಅಂದು ಅವನ ಜೆರಾಕ್ಸ್ ತೆಗೆದುಕೊಟ್ಟ. ಒಂದು ಹಾಳೆ ಓರೆಯಾಗಿ ಬಂತು.

ಅವತ್ತು ರಾತ್ರಿ ಸ್ಕ್ರೀನಿನ ಮುಂದೆ ಕಣ್ಣಲ್ಲಿ ಕಣ್ಣಿಟ್ಟು ಕೂತ. ಫೈಜಾನ್ ಬಂದ. ಕೋಟೆ ಬಾಗಿಲಲ್ಲಿ ನಿಂತ. ನಿಂತೇ ಇದ್ದ. ಬಹಳ ಹೊತ್ತಿನ ಮೇಲೆ ಒಮ್ಮೆ ಎಗರಿ, ಮತ್ತೆ ನಿಂತ. ಮಾರನೇ ದಿನ ಜೋಯಾ, ಅದೇ ಜಾಗದಲ್ಲಿ, ಅದೇ ನಿಲುವು. ಪಕ್ಕದ ರೂಮಿನಲ್ಲಿ ಕೂತ ಮಗಳಿಗೆ ಕೆಲಸವಿರಬೇಕು ಎಂದು ವಾಜಿದ್ ತನಗೆ ತಾನೇ ಹೇಳಿಕೊಂಡ. ಬುಧವಾರ ಅನಂತರಾಜು ಬಂದು ನಿಂತಾಗ ಮಾತ್ರ ಹೇಳಿಕೊಳ್ಳಲು ಏನೂ ಉಳಿಯಲಿಲ್ಲ.

ಅಷ್ಟರಲ್ಲಿ ಜಹೀರಾ ರೊಟ್ಟಿ ಲಟ್ಟಿಸಲು ಮಗಳನ್ನು ಕೂಗಿದಳು. ಜೋಯಾಳ ರೂಮಿನ ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಬಿಟ್ಟುಹೋಗಿದ್ದ ಹೆಡ್‌ಫೋನಿನಿಂದ ಸಣ್ಣಗೆ ಗದ್ದಲ ಕೇಳಿಸುತ್ತಿತ್ತು. ವಾಜಿದ್ ಹೋಗಿ ಕೂತು ಅದನ್ನು ಕಿವಿಗೆ ಹಾಕಿಕೊಂಡ.

ಅವಳ ಸ್ಕ್ರೀನಿನಲ್ಲಿ ಇದ್ದದ್ದು ಅವನದೇ ಕೋಟೆ, ಅವನದೇ ಕೆರೆ. ಆದರೆ ಸುತ್ತ ಒಂದು ಪಟ್ಟಣವೇ ಬೆಳೆದಿತ್ತು. ವಾಜಿದ್ ಅದನ್ನು ಎಂದೂ ಕಂಡಿರಲಿಲ್ಲ. ಆಟ ಬೆಣ್ಣೆಯಂತೆ ಓಡುತ್ತಿತ್ತು. ಗ್ಯಾಂಗಿನವರೆಲ್ಲ ಅಲ್ಲಿದ್ದರು, ಅವನಿಗೆ ಗೊತ್ತಿಲ್ಲದ ಹೆಸರುಗಳೂ ಇದ್ದವು. ಎಲ್ಲರೂ ಬಾಯಿ ಬಿಟ್ಟು ಮಾತಾಡುತ್ತಿದ್ದರು, ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಿದ್ದರು. ಫೈಜಾನ್ ದನಿ ದಪ್ಪ ಮಾಡಿಕೊಂಡು, "ಯಾರೂ ಡೈನಮೈಟ್ ಹಚ್ಚಬೇಡ್ರಪ್ಪಾ!" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಣಕ ಚೆನ್ನಾಗಿಯೇ ಇತ್ತು.

"ಲೋ ಮಗಾ, ಇವತ್ತು ಭಾಯ್ ಕಡೆ ಪಾಳಿ ಯಾರ್ದು?" ಮುದಸ್ಸಿರ್ ಕೇಳಿದ.

"ನಂದೇ ಕಣೋ," ಅನಂತರಾಜು ಹೇಳಿದ. "ಇನ್ನೊಂದು ಫೋನಲ್ಲಿ ಲಾಗಿನ್ ಮಾಡಿ ನಿಲ್ಲಿಸಿದೀನಿ. ಊಟ ಆದ್ಮೇಲೆ ಒಂದ್ಸಲ ಎಗರಿಸಿದ್ರಾಯ್ತು."

ಗಲ್ಲಿಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಪಾಳಿ ಹಾಕಿಕೊಂಡು ಊಟ ಕಳಿಸುತ್ತಾರೆ. ವಾಜಿದ್ ಎಷ್ಟೋ ಮನೆಗಳಿಗೆ ಹಾಗೆ ಟಿಫಿನ್ ಹೊತ್ತಿದ್ದಾನೆ. ಬದುಕಿರುವಾಗಲೇ ತನಗೂ ಅಂಥ ಪಾಳಿ ಬಿದ್ದಿದೆ ಎಂದು ಅವನಿಗೆ ಅನ್ನಿಸಿತು.

"ಅನಂತ," ಎಂದ ಅವನು ಮೈಕಿನಲ್ಲಿ. "ಎಗರಿಸೋದು ಬೇಡಪ್ಪ. ನಾನು ನೋಡ್ಕೋತೀನಿ."

ಗೊತ್ತಿಲ್ಲದ ಹೆಸರುಗಳು ಒಂದೊಂದಾಗಿ ಸ್ಕ್ರೀನಿನಿಂದ ಮಾಯವಾದವು.

"ಭಾಯ್..." ಫೈಜಾನ್ ಮೊದಲು ಸುಧಾರಿಸಿಕೊಂಡ. "ನಿಮ್ಗೆ ಬೇಜಾರಾಗ್ಬಾರ್ದು ಅಂತ ಭಾಯ್. ಅಲ್ಲಿ ಆಡೋಕೇ ಆಗ್ತಿರ್ಲಿಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ."

"ಯಾವಾಗಿಂದ?"

"ರಂಜಾನ್‌ಗಿಂತ ಮುಂಚಿಂದ."

ಹಾಗಾದರೆ ಆ ರಾಕೆಟ್ಟು? ವಾಜಿದ್ ಅದನ್ನು ಕೇಳಲಿಲ್ಲ. ಕೇಳಬೇಕಾದದ್ದು ಬೇರೆಯೇ ಇತ್ತು.

"ಆಯ್ತು, ಮಿಷಿನ್ನು ಸರಿ ಇಲ್ಲ. ಇಲ್ಲಿಗೆ ನನ್ನೂ ಕರೀಬಹುದಿತ್ತಲ್ರೋ?"

ಅನಂತರಾಜು, "ನೀವು ದೊಡ್ಡವ್ರು ಭಾಯ್. ನೀವಿದ್ರೆ ಫ್ರೀಯಾಗಿ ಇರೋಕಾಗಲ್ಲ" ಅಂದ. ಬಹಳ ಗೌರವದಿಂದಲೇ ಅಂದ. ವಾಜಿದ್ ಹೆಡ್‌ಫೋನ್ ತೆಗೆದಿಟ್ಟ.

ಬಾಗಿಲಲ್ಲಿ ಜೋಯಾ ನಿಂತಿದ್ದಳು, ಕೈಯೆಲ್ಲ ಹಿಟ್ಟು.

"ನನ್ನ ಸರ್ವರಿಂದ ಕೋಟೇನ ಅವ್ರಿಗೆ ಕಾಪಿ ಮಾಡಿಕೊಟ್ಟಿದ್ದು ಯಾರು?" ಎಂದು ಕೇಳಿದ. ಸರ್ವರಿನ ಪಾಸ್‌ವರ್ಡ್ ಗೊತ್ತಿದ್ದದ್ದು ಅವರಿಬ್ಬರಿಗೇ.

"ನಾನೇ, ಅಬ್ಬಾ."

"ಪಾಳೀಲಿ ನೀನೂ ಇದೀಯಾ?"

ಅವಳ ಕಣ್ಣು ತುಂಬಿತು. "ಮಂಗಳವಾರ."

ಹೊರಗಿನವರು ಕೈಬಿಟ್ಟದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಒಂದು ಗೋಡೆಯಾಚೆ ಕೂತು, ಅಪ್ಪನ ಆಟದಲ್ಲಿ ಬೊಂಬೆ ನಿಲ್ಲಿಸಿ, ಅವಳು ಈ ಕಡೆ ನಗುತ್ತಿದ್ದಳು.

ಹಾಲ್‌ಗೆ ಬಂದು ಸರ್ವರನ್ನು ಆರಿಸಿ, ಪ್ಲಗ್ ಕಿತ್ತ. ಗುಂಯ್ ಎನ್ನುವ ಸದ್ದು ನಿಂತಿತು. ಫೋನಿಗೆ ಒಂದರ ಹಿಂದೊಂದು 'ಸಾರಿ ಭಾಯ್' ಬಂದವು. ಒಂದೊಂದಕ್ಕೂ 'ಪರವಾಗಿಲ್ಲ' ಎಂದು ಉತ್ತರಿಸಿದ. ಪರವಾಗಿಲ್ಲ ಎಂದು ಎಲ್ಲರೂ ನಂಬಿದರು. ಮೆಸೇಜು ನಿಂತಿತು.

ಜೋಯಾ ಅತ್ತು, ಮುಖ ತೊಳೆದು, ಊಟದ ತಟ್ಟೆ ತಂದು ಅವನ ಮುಂದಿಟ್ಟಳು. ಅವನು ತಿನ್ನತೊಡಗಿದ್ದನ್ನು ನೋಡಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ವಾಜಿದ್ ಎರಡನೇ ರೊಟ್ಟಿ ಮುರಿಯುವಾಗ ಒಳಗಿನಿಂದ ಅವಳು ನಕ್ಕದ್ದು ಕೇಳಿಸಿತು. ಮೊದಲು ತಡೆದುಕೊಂಡು ನಕ್ಕಳು, ಆಮೇಲೆ ನಿರಾಳವಾಗಿ.