ಹಿತ್ತಲ ನಲ್ಲಿ

ಪರದೇಶದ ಬ್ರಿಡ್ಜ್‌ವಾಟರಿನಲ್ಲಿ ನೆಲೆಸಿದ ವೀರೇಂದ್ರ ಅವರಿಗೆ ಪ್ಲಂಬರ್‌ನನ್ನು ಕರೆಸುವುದೆಂದರೆ ಮೂಗು ಕೊಯ್ದಷ್ಟು ಅವಮಾನ. ಔಷಧಿ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಮನುಷ್ಯ, ಆದರೆ ಹೆಮ್ಮೆಯೆಲ್ಲ ಮನೆಯ ಕೊಳಾಯಿಗಳ ಮೇಲೆ. ದೀಪಾವಳಿಗೆ ನೀರು ತುಂಬುವ ಹಬ್ಬದ ಸಂಜೆ ಹಿತ್ತಲ ನಲ್ಲಿಯಿಂದ ತಾಮ್ರದ ಹಂಡೆ ತುಂಬಿಸಿ, ಕುಂಕುಮವಿಟ್ಟು ಕೈಮುಗಿಯುವರು. ಬೆಳಗ್ಗೆ ಎಣ್ಣೆಸ್ನಾನ ಮುಗಿಯಿತೋ, ಆ ನಲ್ಲಿಗೆ ಚಳಿಗಾಲದ ರಜೆ. ಮೊದಲು ಬೇಸ್‌ಮೆಂಟಿಗಿಳಿದು ಒಳಗಿನ ವಾಲ್ವ್ ಮುಚ್ಚಬೇಕು, ಆಮೇಲೆ ಹೊರಗಿನ ನಲ್ಲಿ ಬಿಟ್ಟು ಪೈಪಿನಲ್ಲಿ ಉಳಿದ ನೀರನ್ನೆಲ್ಲ ಹರಿಸಬೇಕು.

"ಸ್ವಲ್ಪ ನೀರು ಉಳಿದ್ರೂ ಸಾಕು, ಹೆಪ್ಪುಗಟ್ಟಿ ಪೈಪನ್ನೇ ಸೀಳ್ಬಿಡತ್ತೆ, ತಿಳೀತಾ?" ಎಂದು ಹೆಂಡತಿ ಚಂದ್ರಾವತಿಗೆ ಪ್ರತಿ ವರ್ಷವೂ ಅದೇ ಪಾಠ.

"ಆಯ್ತು ಮಹಾರಾಯ್ರೇ, ಹೋದ ವರ್ಷಾನೂ ಕೇಳಿಸ್ಕೊಂಡಿದೀನಿ," ಎಂದು ಆಕೆ ರೇಗಿಸುವರು.

ಅಂಥ ಮನುಷ್ಯನಿಗೆ ಮರೆವಿನ ಕಾಯಿಲೆ ಬಂತು. ಬೀಗದ ಕೈ, ಬೀದಿಯ ಹೆಸರು ಎಂದು ಶುರುವಾದದ್ದು ಕೊನೆಗೆ ಹೆಂಡತಿಯ ಹೆಸರಿಗೇ ಬಂದು ನಿಂತಿತು. ಒಮ್ಮೆ ಒಲೆ ಉರಿಯುತ್ತಲೇ ಇದ್ದದ್ದನ್ನು ಪಾರ್ಸಿಪನಿ ಊರಿನಿಂದ ಬಂದ ಮಗಳು ನವ್ಯಾ ನೋಡಿಬಿಟ್ಟಳು.

"ಒನ್ ಮೋರ್ ಆಕ್ಸಿಡೆಂಟ್ ಆದ್ರೆ ಅಪ್ಪನ್ನ ಮೆಮೊರಿ ಕೇರ್‌ಗೆ ಸೇರಿಸ್ಲೇಬೇಕಮ್ಮ. ಐ ಮೀನ್ ಇಟ್."

ಮೆಮೊರಿ ಕೇರ್ ಎಂದರೆ ಮರೆವಿನವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ. ಗಂಡ ಅಲ್ಲಿ ಯಾರದೋ ಕೈಯಿಂದ ಊಟ ಮಾಡುವುದನ್ನು ನೆನೆದರೇ ಚಂದ್ರಾವತಿ ಕೈಯಲ್ಲಿದ್ದ ಕೆಲಸ ಬಿಟ್ಟು ಅವರ ಪಕ್ಕ ಹೋಗಿ ಕೂರುವರು. ಅಂದಿನಿಂದ ಮನೆಯಲ್ಲಿ ಏನೇ ಎಡವಟ್ಟಾದರೂ ಮಗಳ ಕಿವಿಗೆ ಬೀಳದಂತೆ ನೋಡಿಕೊಂಡರು. ಆ ವರ್ಷ ದೀಪಾವಳಿ ಮುಗಿದ ಮೇಲೆ ವಾಲ್ವ್ ಮುಚ್ಚಿ ನಲ್ಲಿಯ ನೀರು ಹರಿಸಿದ್ದೂ ಅವರೇ. ವೀರೇಂದ್ರ ಪಕ್ಕದಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದರು.

ಜನವರಿಯ ಒಂದು ಮಧ್ಯಾಹ್ನ ಚಂದ್ರಾವತಿ ಸೋಫಾದ ಮೇಲೆ ಒಂದು ಜೊಂಪು ನಿದ್ದೆ ತೆಗೆದು ಎದ್ದರೆ ಗಂಡ ಕಾಣಲಿಲ್ಲ. ಹಿತ್ತಲಿಗೆ ಓಡಿದರು. ಹಿಮದ ನಡುವೆ ತಾಮ್ರದ ಹಂಡೆ ತುಂಬಿ ನಿಂತಿತ್ತು, ಅದರ ಮೇಲೆ ವಕ್ರವಕ್ರವಾಗಿ ಕುಂಕುಮ. ಸ್ವೆಟರ್ ಕೂಡ ಹಾಕದ ವೀರೇಂದ್ರ ನಲ್ಲಿ ತಿರುಗಿಸಿ ನಿಲ್ಲಿಸಿ, ಇವರತ್ತ ನೋಡಿ ನಕ್ಕರು.

"ಚಂದ್ರಾ, ನಾಳೆ ಎಣ್ಣೆಸ್ನಾನ. ಬೇಗ ಏಳ್ಬೇಕು ಕಣೇ."

ಚಂದ್ರಾ! ಆ ಹೆಸರು ಅವರ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ! ಇದು ಜನವರಿ ಎಂದು ಹೇಳಲು ಯಾರಿಗೆ ಮನಸ್ಸು ಬಂದೀತು? ಮರುದಿನ ಬೆಳಗ್ಗೆ ಚಂದ್ರಾವತಿ ಹಬ್ಬವನ್ನೇ ಮಾಡಿದರು. ನೀರು ಕಾಯಿಸಿ, ಗಂಡನ ನೆತ್ತಿಗೆ ಎಣ್ಣೆಯೊತ್ತಿ, ಆರತಿ ಎತ್ತಿದರು. ಅವರೂ ಮಗುವಿನಂತೆ ತಲೆಬಾಗಿ ಕೂತಿದ್ದರು. ಆ ಸಂಭ್ರಮದಲ್ಲಿ ಗಂಡ ಬೇಸ್‌ಮೆಂಟಿಗಿಳಿದು ತೆರೆದ ವಾಲ್ವ್ ಹಾಗೇ ಇದೆ ಎಂಬುದು ಚಂದ್ರಾವತಿಗೆ ಹೊಳೆಯಲೇ ಇಲ್ಲ.

ಆ ವಾರ ಕೊರೆಯುವ ಚಳಿ ಬಿತ್ತು. ಗೋಡೆಯೊಳಗಿನ ಪೈಪಿನಲ್ಲಿ ನಿಂತ ನೀರು ಹೆಪ್ಪುಗಟ್ಟಿತು, ಪೈಪು ಸೀಳಿತು. ಬಿಸಿಲು ಬಂದು ಹಿಮ ಕರಗಿದ ದಿನ ಬೇಸ್‌ಮೆಂಟ್ ತುಂಬ ಮೊಣಕಾಲುದ್ದ ನೀರು. ಆ ಮನೆಗೆ ಮೊದಲ ಸಲ ಪ್ಲಂಬರ್ ಬಂದ. ಹಿಂದೆಯೇ ನವ್ಯಾ ಬಂದಳು.

"ವಾಲ್ವ್ ಓಪನ್ ಇತ್ತಂತೆ. ಅಪ್ಪನಾ?"

"ಇಲ್ಲ ಕಣೇ, ಅವ್ರು ಅತ್ತ ಹೋಗೇ ಇಲ್ಲ. ನಾನೇ ತೆಗೆದಿದ್ದು. ಮುಚ್ಚೋದು ಮರ್ತೇಹೋಯ್ತು."

"ಬಟ್ ವೈ? ಈ ಚಳೀಲಿ ಹೊರಗಡೆ ನಲ್ಲಿ ಯಾಕೆ?"

ಸುಳ್ಳು ಹೇಳಿ ಅಭ್ಯಾಸವಿದ್ದರೆ ತಾನೇ ಬೇರೆ ಕಾರಣ ಹೊಳೆಯುವುದು! ಪಾಪ, ಚಂದ್ರಾವತಿಯವರ ಬಾಯಿಗೆ ಬಂದದ್ದು ಒಂದೇ.

"ನೀರು ತುಂಬೋ ಹಬ್ಬ ಅಲ್ವಾ, ಅದಕ್ಕೇ..."

ನವ್ಯಾಳ ಮುಖ ಬಿಳಿಚಿತು. ಕಣ್ಣು ತುಂಬಿಬಂತು.

"ಅಮ್ಮಾ, ನೀನೂನಾ?"

ಅಮ್ಮನಿಗೂ ಮರೆವು ಬಂತೆಂದು ಮಗಳು ತಿಳಿದಳೆಂಬುದು ಚಂದ್ರಾವತಿಗೆ ಹೊಳೆಯಿತು. ತಾನು ಮಾಡಲಿಲ್ಲ ಎಂದರೆ ಮಾಡಿದ್ದು ಗಂಡ. ತಾನೇ ಎಂದರೆ ಮರೆತವಳ ಕೈಯಲ್ಲಿ ಮರೆತವರನ್ನು ಯಾರು ಬಿಟ್ಟಾರು? ಹೇಗೆ ಹೇಳಿದರೂ ಗಂಡನನ್ನು ಕಳೆದುಕೊಳ್ಳುವುದೇ. ಅವರು ಒದ್ದೆ ಮೆಟ್ಟಿಲ ಮೇಲೆ ಕುಸಿದು ಕೂತರು.

ಮಗಳು ಕೆಟ್ಟವಳೇನಲ್ಲ. ಅಳುತ್ತಲೇ ಎಲ್ಲ ಏರ್ಪಾಟು ಮಾಡಿದಳು. ಅಪ್ಪ ಮೆಮೊರಿ ಕೇರ್‌ಗೆ, ಅಮ್ಮ ಪಾರ್ಸಿಪನಿಯ ತನ್ನ ಮನೆಗೆ. ಅಮ್ಮನನ್ನು ಡಾಕ್ಟರಿಗೂ ತೋರಿಸಿದಳು. ನೆನಪು ಚೆನ್ನಾಗಿಯೇ ಇದೆ ಎಂದು ಅವರು ಹೇಳಿದಾಗಲೂ ನವ್ಯಾಳ ಅನುಮಾನ ಹೋಗಲಿಲ್ಲ.

ಹೊರಡುವ ದಿನ ನವ್ಯಾ ಕಾರು ಸ್ಟಾರ್ಟ್ ಮಾಡಿದಳು. ಚಂದ್ರಾವತಿ ಗಂಡನ ಕೋಟಿನ ಗುಂಡಿ ಹಾಕುತ್ತಿದ್ದರು. ವೀರೇಂದ್ರ ಬಾಗಿಲಲ್ಲಿ ನಿಂತು, ಏನೋ ಮರೆತವರಂತೆ ಮನೆಯತ್ತ ತಿರುಗಿದರು.

"ಚಂದ್ರಾ, ಹಿತ್ತಲ ನಲ್ಲಿ ಮುಚ್ಚಿದ್ಯಾ?"

"ಮುಚ್ಚಿದೀನಿ ರೀ," ಎಂದರು ಚಂದ್ರಾವತಿ. "ಎಲ್ಲಾ ಮುಚ್ಚಿದೀನಿ. ಬನ್ನಿ."